ದಾಸವಾಳಕ್ಕೆ ಉಪಚಾರ, ಬೋಗನ್‌ವಿಲ್ಲಾಗೆ ಉಪವಾಸ

ಎರಡೂ ಗಿಡ ಒಂದೇ ದಿನ ತಂದಿದ್ದೆ, ಟೆರೇಸ್ ಮೇಲೆ ಪಕ್ಕಪಕ್ಕ ಇಟ್ಟಿದ್ದೆ, ದಿನಾ ಬೆಳಗ್ಗೆ ಒಂದೇ ಪೈಪಲ್ಲಿ ಎರಡಕ್ಕೂ ಸಮಸಮ ನೀರು, ಗೊಬ್ಬರ ಹಾಕಿದ್ರೂ ಇದಕ್ಕೊಂದು ಹಿಡಿ ಅದಕ್ಕೊಂದು ಹಿಡಿ. ಒಂದು ವರ್ಷ ಹೀಗೇ ನಡೀತು. ದಾಸವಾಳ ಚೆನ್ನಾಗೇ ಹೂ ಬಿಡ್ತಿತ್ತು, ಬೋಗನ್‌ವಿಲ್ಲಾ ಮಾತ್ರ ಆಳೆತ್ತರ ಬೆಳೆದು ಬರೀ ಎಲೆ, ಬಟ್ಟೆ ಒಣಹಾಕೋಕೆ ಹೋದಾಗೆಲ್ಲ ಮುಳ್ಳು ಸಿಕ್ಕಿಸಿಕೊಂಡು ಬೈಕೊಂಡು ವಾಪಸ್ ಬರೋದೇ ಆಯ್ತು. ಆಮೇಲೆ ಒಂದ್ಸಲ ಹತ್ತು ಹನ್ನೆರಡು ದಿನ ಮನೆಯಲ್ಲಿರಲಿಲ್ಲ, ನೀರು ಹಾಕೋರು ಯಾರೂ ಇಲ್ಲ. ಬಂದು ನೋಡಿದ್ರೆ ದಾಸವಾಳ ಎಲೆ ಎಲ್ಲ ಉದುರಿಸಿ ಕಡ್ಡಿ ಥರ ನಿಂತಿತ್ತು, ಬೋಗನ್‌ವಿಲ್ಲಾ ಬಾಡಿ ಜೋತುಬಿದ್ದಿತ್ತು. ಎರಡೂ ಹೋಯ್ತು ಅಂದ್ಕೊಂಡೇ ನೀರು ಕೊಟ್ಟೆ. ಮೂರ್ನಾಲ್ಕು ವಾರಕ್ಕೆ ಬೋಗನ್‌ವಿಲ್ಲಾದ ಪ್ರತಿ ತುದಿಯಲ್ಲೂ ಬಣ್ಣ! ಒಂದು ವರ್ಷ ಮುದ್ದು ಮಾಡಿದ್ದಕ್ಕೆ ಬರದೇ ಇದ್ದ ಹೂ ಹನ್ನೆರಡು ದಿನ ಮರೆತಿದ್ದಕ್ಕೆ ಬಂತು. ದಾಸವಾಳ ಸುಧಾರಿಸಿಕೊಳ್ಳೋಕೆ ಮಾತ್ರ ಎರಡು ತಿಂಗಳು ಬೇಕಾಯ್ತು.

ಅವತ್ತಿಂದ ಇವೆರಡನ್ನೂ ಬೇರೆ ಬೇರೆ ಥರಾನೇ ನೋಡ್ಕೋತಿದೀನಿ. ಎರಡೂ ಬಿಸಿಲಿನ ಗಿಡ, ಎರಡೂ ಕುಂಡದಲ್ಲಿ ಬರ್ತವೆ, ಎರಡೂ ಹೊಸ ಚಿಗುರಲ್ಲೇ ಹೂ ಬಿಡ್ತವೆ, ಹಂಗಾಗಿ ಆರೈಕೆನೂ ಒಂದೇ ಅಂತ ನಾವು ಮೋಸ ಹೋಗೋದು.

ಮೊದಲು ಗಿಡ ಯಾವ ಬಳಗದ್ದು ಅಂತ ತಿಳ್ಕೊಳ್ಳಿ

ದಾಸವಾಳ ಹತ್ತಿ, ಬೆಂಡೆ ಇರೋ ಕುಟುಂಬದ್ದು. ಬೆಂಡೆ ಹೂವನ್ನ ಹತ್ತಿರದಿಂದ ನೋಡಿದೋರಿಗೆ ಹೇಳೋದೇ ಬೇಡ, ಅದೇ ಐದು ಎಸಳು, ಅದೇ ಮಧ್ಯದ ಕಂಬ. ದಾಸವಾಳದಲ್ಲಿ ಆ ಕಂಬ ಉದ್ದ ಹೊರಗೆ ಚಾಚಿರುತ್ತೆ, ಸುತ್ತ ಹಳದಿ ಪರಾಗದ ಪುಟ್ಟ ಗುಂಡುಗಳು, ತುದಿಯಲ್ಲಿ ಐದು ಸಣ್ಣ ಚುಕ್ಕಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್ ಅಂತ ಹೆಸರಿಟ್ಟ, ಅಂದ್ರೆ ಚೀನಾದ ಗುಲಾಬಿ, ಗುಲಾಬಿಗೂ ಇದಕ್ಕೂ ನಂಟು ಏನೂ ಇಲ್ಲ ಅದು ಬೇರೆ ಮಾತು. ಸಾಮಾನ್ಯ ದಾಸವಾಳದ ಹೂ ಒಂದೇ ದಿನ, ಬೆಳಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತೆ. ಹೈಬ್ರಿಡ್ ಆದ್ರೆ ಕೆಲವು ಎರಡು ಮೂರು ದಿನ ನಿಲ್ಲುತ್ತೆ. ದಿನಾ ಹೊಸ ಹೂ ತಯಾರು ಮಾಡ್ತಾನೇ ಇರಬೇಕಲ್ಲ, ಅದಕ್ಕೇ ಈ ಗಿಡಕ್ಕೆ ಹಸಿವು ಬಾಯಾರಿಕೆ ಎರಡೂ ಜಾಸ್ತಿ.

ಬೋಗನ್‌ವಿಲ್ಲಾ ಸಂಜೆಮಲ್ಲಿಗೆಯ ಕುಟುಂಬ. ಮೂಲ ದಕ್ಷಿಣ ಅಮೆರಿಕ. ಫ್ರೆಂಚ್ ನಾವಿಕ ಬೂಗನ್‌ವಿಲ್ 1766ರಿಂದ 1769ರವರೆಗೆ ಹಡಗಲ್ಲಿ ಭೂಮಿ ಸುತ್ತಿದಾಗ ಜೊತೆಗಿದ್ದ ಸಸ್ಯವಿಜ್ಞಾನಿ ಕೊಮರ್ಸಾನ್ ಬ್ರೆಜಿಲ್‌ನಲ್ಲಿ ಇದನ್ನ ಸಂಗ್ರಹಿಸಿದ್ದು, ಹೆಸರು ಮಾತ್ರ ನಾಯಕಂದು ಬಂತು. ಕೊಮರ್ಸಾನ್ ಜೊತೆ ಸಹಾಯಕನ ವೇಷದಲ್ಲಿ ಇದ್ದೋಳು ಜಾನ್ ಬಾರೆ ಅನ್ನೋ ಹೆಂಗಸು, ಗಂಡಸಿನ ಬಟ್ಟೆ ಹಾಕ್ಕೊಂಡು ಹಡಗು ಹತ್ತಿದ್ಲು, ಭೂಮಿ ಸುತ್ತು ಹಾಕಿದ ಮೊದಲ ಮಹಿಳೆ ಅಂತ ಅವಳನ್ನೇ ಹೇಳ್ತಾರೆ.

ನಾವು ಬೋಗನ್‌ವಿಲ್ಲಾದ ಹೂ ಅಂತ ಮೆಚ್ಚೋದು ಹೂವೇ ಅಲ್ಲ, ಬಣ್ಣ ಹಚ್ಕೊಂಡ ಎಲೆ. ಒಂದು ಗೊಂಚಲು ಕೈಯಲ್ಲಿ ಹಿಡ್ಕೊಂಡು ನೋಡಿ, ಮೂರು ಬಣ್ಣದ ಎಲೆ, ಎಲೆಯ ಹಾಗೇ ನರ ಕಾಣ್ಸುತ್ತೆ, ಪ್ರತಿಯೊಂದರ ನಡುನರಕ್ಕೆ ಅಂಟಿಕೊಂಡು ಸಣ್ಣ ಕೊಳವೆ ಥರ, ತುದಿಯಲ್ಲಿ ಬಿಳಿ ನಕ್ಷತ್ರ. ಆ ಬಿಳಿದೇ ನಿಜವಾದ ಹೂ. ಅದು ಉದುರಿದ್ರೂ ಬಣ್ಣದ ಎಲೆ ವಾರಗಟ್ಟಲೆ ನಿಲ್ಲುತ್ತೆ, ಒಣಗಿದ ಮೇಲೂ ಕಾಗದದ ಥರ ಸರಸರ ಅನ್ನುತ್ತೆ, ಕಾಗದದ ಹೂ ಅಂತ ಕರೆಯೋದು ಸುಮ್ನೆ ಅಲ್ಲ. ಬಣ್ಣದಲ್ಲೂ ಎರಡಕ್ಕೂ ವ್ಯತ್ಯಾಸ ಇದೆ. ಕೆಂಪು ದಾಸವಾಳದ ಎಸಳು ಬಿಸಿನೀರಲ್ಲಿ ನೆನೆಸಿ ಆ ನೀರಿಗೆ ನಿಂಬೆರಸ ಬಿಟ್ರೆ ಗಾಢ ಗುಲಾಬಿ ಆಗುತ್ತೆ, ಅಡುಗೆ ಸೋಡಾ ಹಾಕಿದ್ರೆ ಹಸಿರು. ಮಕ್ಕಳಿದ್ರೆ ತೋರ್ಸಿ, ಖುಷಿ ಪಡ್ತಾರೆ. ಬೋಗನ್‌ವಿಲ್ಲಾದ್ದು ಬೀಟ್‌ರೂಟಿನ ಬಳಗದ ಬಣ್ಣ, ಅದು ಈ ಆಟ ಆಡಲ್ಲ.

ಜಾಗ ನೋಡಿ ಇಡಿ

ಬೋಗನ್‌ವಿಲ್ಲಾಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು, ಜಾಸ್ತಿ ಸಿಕ್ಕಷ್ಟೂ ಒಳ್ಳೇದು. ಬೆಳಕು ಚೆನ್ನಾಗಿದೆ ಆದ್ರೆ ಬಿಸಿಲು ಬೀಳಲ್ಲ ಅನ್ನೋ ಬಾಲ್ಕನಿಯಲ್ಲಿ ಗಿಡ ಬದುಕುತ್ತೆ, ಹೂ ಬಿಡಲ್ಲ. ಅಂಥ ಜಾಗದಲ್ಲಿ ಇಟ್ಕೊಂಡು ಯಾವ ಗೊಬ್ಬರ ಹಾಕ್ಲಿ ಅಂತ ಕೇಳೋರೇ ಜಾಸ್ತಿ, ಗೊಬ್ಬರದಿಂದ ಆಗೋದಲ್ಲ ಅದು, ಕುಂಡ ಎತ್ತಿ ಬೇರೆ ಕಡೆ ಇಡಬೇಕು ಅಷ್ಟೇ.

ದಾಸವಾಳಕ್ಕೂ ಬಿಸಿಲು ಬೇಕು, ನಾಲ್ಕೈದು ಗಂಟೆ ಸಾಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಸ್ವಲ್ಪ ನೆರಳಾಗೋ ಜಾಗ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇದಿಲ್ಲ. ಕಾದ ಕಾಂಕ್ರೀಟಿನ ಮೇಲೆ ದಿನವಿಡೀ ಬಿಸಿಲಲ್ಲಿ ಕೂತ್ರೆ ಮೊಗ್ಗು ಅರಳೋ ಮುಂಚೆನೇ ಬೀಳ್ತವೆ. ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಡಿ, ಬೇರಿಗೆ ಕಾವು ತಾಗೋದು ಕಮ್ಮಿ ಆಗುತ್ತೆ. ಚಳಿ ಎರಡಕ್ಕೂ ಆಗಲ್ಲ, 10 ಡಿಗ್ರಿಗಿಂತ ಕೆಳಗೆ ಹೋದ್ರೆ ದಾಸವಾಳ ಮುನಿಸ್ಕೊಳ್ಳುತ್ತೆ, ಹಿಮ ಬೀಳೋ ಕಡೆ ಇರೋರು ಎರಡನ್ನೂ ಒಳಗೆ ತಗೊಳ್ಳೋದೇ ದಾರಿ.

ಕುಂಡ, ಮಣ್ಣು

ದಾಸವಾಳಕ್ಕೆ 12ರಿಂದ 14 ಇಂಚಿನ ಕುಂಡ. ಮಣ್ಣು ಎರಡು ಪಾಲು, ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಒಂದೆರಡು ಹಿಡಿ ಮರಳು. ತೇವ ಹಿಡಿದಿಟ್ಕೊಳ್ಳಬೇಕು ಆದ್ರೆ ಕೆಸರಾಗಬಾರದು. ಸ್ವಲ್ಪ ಹುಳಿ ಇರೋ ಮಣ್ಣು ಇಷ್ಟ ಇದಕ್ಕೆ, ಪಿಎಚ್ 6ರಿಂದ 6.8ರ ಆಸುಪಾಸು.

ಬೋಗನ್‌ವಿಲ್ಲಾಗೆ ಇಕ್ಕಟ್ಟೇ ಇಷ್ಟ. ಗಿಡ ದೊಡ್ಡದಾಗಲಿ ಅಂತ ಡ್ರಮ್ಮಲ್ಲಿ ಹಾಕ್ಬೇಡಿ, 10-12 ಇಂಚು ಸಾಕು, ಬೇರು ಕುಂಡದ ಗೋಡೆ ಮುಟ್ಟಿ ಸುತ್ತಿಕೊಂಡಾಗಲೇ ಅದಕ್ಕೆ ಹೂವಿನ ಯೋಚನೆ ಬರೋದು. ಮಣ್ಣು ಎರಡು ಪಾಲಿಗೆ ದಪ್ಪ ಮರಳು ಒಂದು ಪಾಲು, ಗೊಬ್ಬರ ಅರ್ಧ ಪಾಲು, ಕೋಕೋಪೀಟ್ ಹಾಕದೇ ಇದ್ರೇನೇ ವಾಸಿ. ನೀರು ಹಾಕಿದ್ರೆ ಅರ್ಧ ನಿಮಿಷದಲ್ಲಿ ತಳದ ತೂತಿಂದ ಬರಬೇಕು. ಕುಂಡದ ಕೆಳಗೆ ತಟ್ಟೆ ಇಡೋ ಅಭ್ಯಾಸ ಇದ್ರೆ ಇವತ್ತೇ ತೆಗೀರಿ.

ಕುಂಡ ಬದಲಿಸೋವಾಗ ಒಂದು ಎಚ್ಚರಿಕೆ. ದಾಸವಾಳದ ಬೇರು ಗಟ್ಟಿ, ಅಲ್ಲಾಡಿಸಿ, ಸುತ್ತಿಕೊಂಡಿರೋದನ್ನ ಬಿಡಿಸಿ ಸವರಿ ಹಾಕಿದ್ರೂ ತಡ್ಕೊಳ್ಳುತ್ತೆ. ಬೋಗನ್‌ವಿಲ್ಲಾ ನೋಡೋಕೆ ರಾಕ್ಷಸ, ಬೇರು ಮಾತ್ರ ನೂಲಿನ ಥರ, ಮುಟ್ಟಿದ್ರೆ ಪಟಪಟ ಅಂತ ಮುರಿಯುತ್ತೆ. ನಾನೊಂದ್ಸಲ ಕಾಂಡ ಹಿಡಿದು ಎಳೆದೆ, ಮಣ್ಣಿನ ಉಂಡೆ ಪೂರ್ತಿ ಉದುರಿಹೋಗಿ ಕೈಯಲ್ಲಿ ಕಡ್ಡಿ ಒಂದೇ ಉಳೀತು, ಎರಡು ವಾರಕ್ಕೆ ಗಿಡ ಒಣಗಿತು. ಪ್ಲಾಸ್ಟಿಕ್ ಕವರಲ್ಲಿ ಬಂದಿದ್ರೆ ಕವರನ್ನ ಬ್ಲೇಡಿಂದ ಸೀಳಿ, ಮಣ್ಣಿನ ಉಂಡೆ ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಎತ್ತಿ ಇಡಿ. ಹಿಂದಿನ ದಿನ ಸ್ವಲ್ಪ ನೀರು ಹಾಕಿದ್ರೆ ಉಂಡೆ ಬಿಗಿಯಾಗಿರುತ್ತೆ.

ಇನ್ನೊಂದು, ಬೋಗನ್‌ವಿಲ್ಲಾ ಕುಂಡವನ್ನ ನೆಲದ ಮಣ್ಣಿನ ಮೇಲೆ ಇಟ್ಟಿದ್ರೆ ತಳದ ತೂತಿಂದ ಬೇರು ಕೆಳಗಿಳಿದಿರುತ್ತೆ, ನಮಗೆ ಗೊತ್ತೇ ಆಗಲ್ಲ. ನೀರು ನಿಲ್ಲಿಸಿದೀನಿ ಆದ್ರೂ ಹೂ ಇಲ್ಲ ಅಂತ ಅಂದ್ಕೋತಾ ಇರ್ತೀವಿ, ಅದು ಕೆಳಗಿಂದ ಆರಾಮಾಗಿ ಕುಡೀತಾ ಇರುತ್ತೆ. ಕುಂಡ ಒಂದ್ಸಲ ವಾಲಿಸಿ ನೋಡಿ.

ನೀರು: ಇಲ್ಲೇ ಎಲ್ಲರೂ ಎಡವೋದು

ದಾಸವಾಳಕ್ಕೆ ಬೆರಳು ಟೆಸ್ಟ್ ಮಾಡಿ. ತೋರುಬೆರಳು ಒಂದು ಗೆಣ್ಣು ಮಣ್ಣೊಳಗೆ ಇಳಿಸಿ, ಒಣಗಿದೆ ಅನ್ಸಿದ್ರೆ ತಳದಿಂದ ನೀರು ಬರೋವರೆಗೂ ಹಾಕಿ, ತೇವ ಇದ್ರೆ ಬಿಡಿ. ಸುಡು ಬಿಸಿಲಿನ ದಿನಗಳಲ್ಲಿ ಕುಂಡದ ಗಿಡಕ್ಕೆ ದಿನಾ ಬೇಕಾಗುತ್ತೆ, ಕೆಲವೊಮ್ಮೆ ಎರಡು ಸಲ. ಚಳಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ. ಮೇಲಿನ ಮಣ್ಣು ಮಾತ್ರ ನೆನೆಯೋ ಹಾಗೆ ಒಂದೊಂದು ಲೋಟ ದಿನಾ ಹಾಕೋದು ಇದೆಯಲ್ಲ, ಅದು ಬೇಡ, ಬೇರೆಲ್ಲ ಮೇಲೇ ಬಂದು ಕೂರುತ್ತೆ, ಆಮೇಲೆ ಒಂದು ದಿನ ತಪ್ಪಿದ್ರೂ ಗಿಡ ಬಾಡುತ್ತೆ. ಮಣ್ಣಿನ ಮೇಲೆ ಒಣ ಎಲೆಯೋ ತೆಂಗಿನ ನಾರೋ ಹಾಸಿದ್ರೆ ತೇವ ಹೆಚ್ಚು ಹೊತ್ತು ನಿಲ್ಲುತ್ತೆ.

ಬೋಗನ್‌ವಿಲ್ಲಾಗೆ ಮಣ್ಣೊಂದನ್ನೇ ನೋಡ್ಬೇಡಿ, ಎಲೆನೂ ನೋಡಿ. ಎರಡು ಇಂಚು ಆಳದವರೆಗೆ ಮಣ್ಣು ಒಣಗಿ, ಎಳೆ ತುದಿ ಸ್ವಲ್ಪ ತಲೆ ಬಗ್ಗಿಸಿದಾಗ ಭರ್ತಿ ನೀರು ಕೊಡಿ, ಮತ್ತೆ ಅದೇ ಸ್ಥಿತಿ ಬರೋವರೆಗೂ ಆ ಕಡೆ ತಲೆ ಹಾಕ್ಬೇಡಿ. ಹೂ ಬಿಡ್ತಾನೇ ಇಲ್ಲ ಅನ್ನೋ ಗಿಡಕ್ಕೆ ಹೀಗೆ ಮಾಡಿ: ಬಿಸಿಲಿನ ಕಾಲ ನೋಡ್ಕೊಂಡು ನೀರು ಪೂರ್ತಿ ನಿಲ್ಲಿಸಿ, ಎಲೆ ಚೆನ್ನಾಗಿ ಬಾಡಿ ಜೋತುಬೀಳಲಿ, ಹೊಟ್ಟೆ ಉರಿದ್ರೂ ತಡ್ಕೊಳ್ಳಿ, ಆಮೇಲೆ ಗಿಡ ಉಳಿಯೋಕೆ ಬೇಕಾದಷ್ಟೇ ಒಂದೆರಡು ಲೋಟ ನೀರು, ಮತ್ತೆ ಬಾಡಲಿ, ಮತ್ತೆ ಅಷ್ಟೇ. ಎರಡು ಮೂರು ಸಲ ಹೀಗಾದ ಮೇಲೆ ಎಲೆ ಸಂದುಗಳಲ್ಲಿ ಸಾಸಿವೆ ಕಾಳಿನಷ್ಟು ಬಣ್ಣದ ಮೊಗ್ಗು ಕಾಣ್ಸುತ್ತೆ. ಕಂಡ ತಕ್ಷಣ ಮಾಮೂಲಿ ನೀರಿಗೆ ಬನ್ನಿ. ಇಲ್ಲೂ ಉಪವಾಸ ಮುಂದುವರಿಸಿದ್ರೆ ಬಣ್ಣ ಬಂದದ್ದೂ ಉದುರಿಹೋಗುತ್ತೆ. ಈಗಷ್ಟೇ ನೆಟ್ಟ ಸಸಿಗೆ ಈ ಪ್ರಯೋಗ ಬೇಡ, ಒಂದು ವರ್ಷ ಆಗಿರಲಿ.

ಹಗಲು ಕಮ್ಮಿ ಇರೋ ದಿನಗಳಲ್ಲಿ ಬೋಗನ್‌ವಿಲ್ಲಾ ತಾನಾಗೇ ಹೂವಿಗೆ ತಿರುಗುತ್ತೆ, ಮಳೆ ಹಿಡಿದಾಗ ಎಲೆಗೆ ತಿರುಗುತ್ತೆ. ಮಳೆಯಲ್ಲಿ ಹೂ ಇಲ್ಲ ಅಂತ ಬೇಜಾರು ಮಾಡ್ಕೊಳ್ಳೋಕೆ ಹೋಗ್ಬೇಡಿ, ಆಗ ಬೆಳೆದ ಕೊಂಬೆಯಲ್ಲೇ ಮುಂದೆ ಬಣ್ಣ ಬರೋದು.

ಗೊಬ್ಬರ

ದಾಸವಾಳ ಹೊಟ್ಟೆಬಾಕ. ಬೆಳೆಯೋ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಡ್ತಾನೇ ಇರಿ, ಒಂದೇ ಸಲ ರಾಶಿ ಸುರಿಯೋದು ಬೇಡ. ಇದಕ್ಕೆ ಸಾರಜನಕ ಬೇಕು, ಪೊಟ್ಯಾಷ್ ಇನ್ನೂ ಜಾಸ್ತಿ ಬೇಕು, ರಂಜಕ ಮಾತ್ರ ಕಮ್ಮಿ. ಇದು ಗೊತ್ತಿಲ್ಲದೇ ಹೂ ಬರಲಿ ಅಂತ ಮೂಳೆ ಹಿಟ್ಟು ಹಾಕ್ತಾರೆ ನೋಡಿ, ಮೂಳೆ ಹಿಟ್ಟಲ್ಲಿ ರಂಜಕಾನೇ ಹೆಚ್ಚು, ಅದು ಜಾಸ್ತಿ ಆದ್ರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗಲ್ಲ, ಎಳೆ ಎಲೆ ಹಳದಿ ಆಗುತ್ತೆ, ನರ ಮಾತ್ರ ಹಸಿರಾಗಿ ಬಲೆ ಥರ ಕಾಣ್ಸುತ್ತೆ. ಚೀಟಿ ಓದಿ ತಗೊಳ್ಳಿ, ಸಾರಜನಕ, ರಂಜಕ, ಪೊಟ್ಯಾಷ್ ಅಂತ ಸಾಲಾಗಿ ಇರೋ ಮೂರು ಸಂಖ್ಯೆಯಲ್ಲಿ ನಡುವಿಂದು ಚಿಕ್ಕದಿರಬೇಕು. ಒಣ ಮಣ್ಣಿಗೆ ಗೊಬ್ಬರ ಹಾಕ್ಬೇಡಿ, ಮೊದಲು ನೀರು ಆಮೇಲೆ ಗೊಬ್ಬರ.

ಬೋಗನ್‌ವಿಲ್ಲಾಗೆ ಕತ್ತರಿಸಿದ ಮೇಲೆ ಒಂದೆರಡು ಹಿಡಿ ಹಳೇ ಗೊಬ್ಬರ, ಹೂವಿನ ಕಾಲದ ಮುಂಚೆ ಸ್ವಲ್ಪ ಪೊಟ್ಯಾಷ್. ಮುಗೀತು. ಸಾರಜನಕ ಜಾಸ್ತಿ ಆದ್ರೆ ಮತ್ತೆ ನನ್ನ ಮೊದಲ ವರ್ಷದ ಕಥೆಯೇ.

ಕತ್ತರಿ ಹಾಕೋದು

ಎರಡೂ ಹೊಸ ಚಿಗುರಲ್ಲೇ ಹೂ ಬಿಡೋದ್ರಿಂದ ಕತ್ತರಿಸದೇ ಇದ್ರೆ ಎರಡೂ ಉದ್ದುದ್ದ ಬೆಳೆದು ತುದಿಯಲ್ಲಿ ಮಾತ್ರ ನಾಲ್ಕು ಹೂ ತೋರಿಸ್ತವೆ.

ದಾಸವಾಳವನ್ನ ಚಳಿ ಕಳೆದು ಚಿಗುರೋ ಕಾಲ ಶುರುವಾದಾಗ ಮೂರನೇ ಒಂದು ಭಾಗ ಕತ್ತರಿಸಿ, ಹೊರಗಡೆ ಮುಖ ಮಾಡಿರೋ ಗಿಣ್ಣಿನ ಸ್ವಲ್ಪ ಮೇಲೆ, ಓರೆಯಾಗಿ. ಕತ್ತರಿಸಿದ ಕೊಂಬೆ ಮತ್ತೆ ಹೂ ಬಿಡೋಕೆ ಎರಡು ಮೂರು ತಿಂಗಳು ಬೇಕು. ಅಷ್ಟು ದಿನ ಹೂವಿಲ್ಲದೇ ಇರೋಕಾಗಲ್ಲ ಅನ್ನೋರು ಒಂದೇ ಸಲ ಬೋಳಿಸೋ ಬದಲು ಈ ತಿಂಗಳು ಮೂರು ಕೊಂಬೆ, ಮುಂದಿನ ತಿಂಗಳು ಮೂರು, ಹೀಗೆ ಸರದಿ ಮಾಡ್ಕೊಳ್ಳಿ, ನಾನು ಹೀಗೇ ಮಾಡೋದು.

ಬೋಗನ್‌ವಿಲ್ಲಾದ ಒಂದೊಂದು ಸುತ್ತು ಹೂ ಮುಗಿದಾಗಲೂ ತುದಿ ಕತ್ತರಿಸಬೇಕು, ವರ್ಷಕ್ಕೊಮ್ಮೆ ಧೈರ್ಯ ಮಾಡಿ ಅರ್ಧಕ್ಕೆ ಇಳಿಸಬಹುದು, ಸಾಯಲ್ಲ. ಬುಡದಿಂದ ನೆಟ್ಟಗೆ, ದಪ್ಪಗೆ, ಉದ್ದ ಮುಳ್ಳಿಟ್ಕೊಂಡು ಒಂದು ಕೊಂಬೆ ಭರ್ರಂತ ಮೇಲೇಳುತ್ತೆ, ಎರಡೇ ವಾರದಲ್ಲಿ ಉಳಿದ ಗಿಡಕ್ಕಿಂತ ಎತ್ತರ. ಗಿಡ ಚೆನ್ನಾಗಿ ಬರ್ತಿದೆ ಅಂತ ಖುಷಿ ಆಗುತ್ತೆ ನೋಡಿ, ಅದನ್ನೇ ಮೊದಲು ಕತ್ತರಿಸಬೇಕಾಗಿದ್ದು, ಹೂ ಕೊಡದೇ ಸಾರ ಎಲ್ಲ ಅದೇ ಎಳ್ಕೊಳ್ಳುತ್ತೆ. ಕೈಗೆ ದಪ್ಪ ಗ್ಲೌಸ್, ತುಂಬು ತೋಳಿನ ಬಟ್ಟೆ, ಕಾಲಿಗೆ ಚಪ್ಪಲಿ ಬದಲು ಶೂ. ಕತ್ತರಿಸಿದ ಕಡ್ಡಿ ನೆಲದ ಮೇಲೆ ಬಿಟ್ರೆ ಒಣಗಿದ ಮುಳ್ಳು ಸೈಕಲ್ ಟೈರನ್ನೂ ಬಿಡಲ್ಲ. ಮುಳ್ಳು ಚುಚ್ಚಿದ ಜಾಗ ಕೆಲವರಿಗೆ ಕೆಂಪಾಗಿ ತುರಿಕೆ ಬರುತ್ತೆ, ಸೋಪಲ್ಲಿ ತೊಳ್ಕೊಳ್ಳಿ.

ಹುಳ

ಇದರಲ್ಲಿ ಬೋಗನ್‌ವಿಲ್ಲಾ ಪುಣ್ಯಾತ್ಮ. ಎಲೆಯ ಅಂಚು ಕಚ್ಚಿ ಕಚ್ಚಿ ತಿಂದಿದ್ರೆ ರಾತ್ರಿ ಟಾರ್ಚ್ ಹಿಡಿದು ನೋಡಿ, ಕಡ್ಡಿ ಬಣ್ಣದ ಸಣ್ಣ ಹುಳ ಸಿಗುತ್ತೆ, ಹೆಕ್ಕಿ ಬಿಸಾಕಿ. ಬೇರೆ ತಲೆನೋವು ಕಮ್ಮಿ.

ದಾಸವಾಳ ಅಂದ್ರೆ ಹಿಟ್ಟು ತಿಗಣೆ ಅಂತಾನೇ ಇಟ್ಕೊಳ್ಳಿ. ಎಳೆ ತುದಿಯಲ್ಲಿ ಹತ್ತಿ ಮೆತ್ತಿದ ಹಾಗೆ ಬಿಳಿ, ಎಲೆ ಮುದುರಿ ಗಂಟು ಕಟ್ಟಿರುತ್ತೆ, ಇರುವೆ ಮೇಲೆ ಕೆಳಗೆ ಓಡಾಡ್ತಿರುತ್ತೆ. ಆ ಇರುವೆ ಸುಮ್ನೆ ಬಂದಿಲ್ಲ, ತಿಗಣೆ ಬಿಡೋ ಸಿಹಿ ಅಂಟು ನೆಕ್ಕೋಕೆ ಬಂದು ಅದನ್ನೇ ಕಾವಲು ಕಾಯುತ್ತೆ, ಹಂಗಾಗಿ ಗಿಡದ ಮೇಲೆ ಇರುವೆ ಸಾಲು ಕಂಡ ದಿನವೇ ಎಲೆ ಅಡಿ ನೋಡಿ. ಗಂಟು ಕಟ್ಟಿದ ತುದಿಯನ್ನ ಕತ್ತರಿಸಿ ಕವರಲ್ಲಿ ಕಟ್ಟಿ ಬಿಸಾಕಿ, ಉಳಿದಿದ್ದಕ್ಕೆ ಪೈಪಿಂದ ಜೋರಾಗಿ ನೀರು ಹೊಡೀರಿ, ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಚೆನ್ನಾಗಿ ಕಲಸಿ ಸಂಜೆ ಸ್ಪ್ರೇ ಮಾಡಿ. ಬಿಸಿಲಲ್ಲಿ ಮಾಡಿದ್ರೆ ಎಲೆ ಸುಡುತ್ತೆ. ವಾರಕ್ಕೊಮ್ಮೆ, ಮೂರು ವಾರ. ಒಂದೇ ಸಲ ಹೊಡೆದ್ರೆ ಪೂರ್ತಿ ಹೋಗಲ್ಲ, ಮೊಟ್ಟೆ ಉಳಿದಿರುತ್ತೆ.

ಮೊಗ್ಗು ಉದುರೋದಕ್ಕೆ ಕಾರಣ ಹಲವು: ನೀರಿನ ಏರುಪೇರು, ಅತಿ ಬಿಸಿಲು, ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಕೀಟ. ಆದ್ರೆ ಬಿದ್ದ ಮೊಗ್ಗೊಂದನ್ನ ಉಗುರಿಂದ ಸೀಳಿ ಬಿಳಿ ಕಾಗದದ ಮೇಲೆ ಬಿಡಿಸಿ ನೋಡಿ. ನಾನು ಹೀಗೆ ಮಾಡಿದಾಗ ಒಳಗೆ ಎಳ್ಳಿಗಿಂತ ಸಣ್ಣ, ತಿಳಿ ಹಳದಿ ಹುಳಗಳು ನಾಲ್ಕೈದು, ಒಂದು ಬಿಲ್ಲಿನ ಥರ ಬಾಗಿ ಟಪ್ ಅಂತ ಹಾರಿಬಿಡ್ತು! ಒಂದು ಜಾತಿ ಪುಟ್ಟ ನೊಣ ಮೊಗ್ಗೊಳಗೆ ಮೊಟ್ಟೆ ಇಡೋದ್ರಿಂದ ಹೀಗಾಗೋದು. ಮರಿ ಹುಳ ಮಣ್ಣಿಗೆ ಇಳಿದು ಮತ್ತೆ ನೊಣ ಆಗಿ ಮೇಲೆ ಬರುತ್ತೆ, ಅದಕ್ಕೇ ಬಿದ್ದ ಮೊಗ್ಗನ್ನ ಕುಂಡದಲ್ಲೇ ಗೊಬ್ಬರ ಆಗಲಿ ಅಂತ ಬಿಡಬಾರದು. ದಿನಾ ಆರಿಸಿ, ಹಳದಿಯಾಗ್ತಿರೋ ಮೊಗ್ಗನ್ನೂ ಗಿಡದಿಂದಲೇ ಕಿತ್ತು, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ ಬಿಸಿಲಿಗೆ ಇಡಿ. ಮೂರ್ನಾಲ್ಕು ವಾರ ಬಿಡದೇ ಮಾಡಿದ್ಮೇಲೆ ನನ್ನ ಗಿಡದಲ್ಲಿ ಹತೋಟಿಗೆ ಬಂತು.

ಕಡ್ಡಿ ನೆಟ್ಟು ಹೊಸ ಗಿಡ

ದಾಸವಾಳದ ಕಡ್ಡಿ ತೀರಾ ಹಸಿರೂ ಅಲ್ಲದ ತೀರಾ ಒಣಕಲೂ ಅಲ್ಲದ ಭಾಗದಿಂದ, ಐದಾರು ಇಂಚು. ಕೆಳಗಿನ ಎಲೆ ತೆಗೆದು ಮೇಲಿನ ಎರಡನ್ನ ಅರ್ಧ ಕತ್ತರಿಸಿ ತೇವದ ಮರಳಲ್ಲಿ ನೆಡಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ. ಹಳೇ ಕೆಂಪು ದಾಸವಾಳ ಸಲೀಸಾಗಿ ಬೇರು ಬಿಡುತ್ತೆ. ದೊಡ್ಡ ಹೂವಿನ ಹೈಬ್ರಿಡ್‌ಗಳು ಕಷ್ಟ, ಅವನ್ನ ಕಸಿ ಮಾಡೋದೇ ಅದಕ್ಕೆ.

ಬೋಗನ್‌ವಿಲ್ಲಾಗೆ ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಆರೆಂಟು ಇಂಚು, ಎಲೆ ಎಲ್ಲ ತೆಗೆದು. ಎರಡು ತಿಂಗಳ ಮೇಲೂ ಹಿಡಿಯಬಹುದು. ಮೂರನೇ ವಾರಕ್ಕೆ ಚಿಗುರು ಬಂತು ಅಂತ ಎತ್ತಿ ಬೇರು ನೋಡೋಕೆ ಹೋಗ್ಬೇಡಿ, ಕಡ್ಡಿಯಲ್ಲಿ ಉಳಿದಿರೋ ಸಾರದಿಂದಲೇ ಬರೋ ಚಿಗುರು ಅದು, ಬೇರು ಇನ್ನೂ ಹುಟ್ಟೇ ಇರಲ್ಲ.

ಯಾವುದು ತಗೊಳ್ಳೋದು?

ದಿನಾ ಬೆಳಗ್ಗೆ ಗಿಡದ ಹತ್ರ ಹತ್ತು ನಿಮಿಷ ನಿಲ್ಲೋ ಅಭ್ಯಾಸ ಇದ್ರೆ ದಾಸವಾಳ. ಆಗಾಗ ಮನೆ ಬಿಟ್ಟು ಹೋಗೋರು, ಉರಿಬಿಸಿಲಿನ ಟೆರೇಸ್ ಇರೋರು ಬೋಗನ್‌ವಿಲ್ಲಾ. ಪುಟ್ಟ ಮಕ್ಕಳು ಓಡಾಡೋ ಇಕ್ಕಟ್ಟು ದಾರಿಯಲ್ಲಿ ಬೋಗನ್‌ವಿಲ್ಲಾ ಬೇಡವೇ ಬೇಡ. ಎರಡೂ ಬೇಕು ಅನ್ನೋರು ಪಕ್ಕಪಕ್ಕ ಇಡ್ಬೇಡಿ, ಪೈಪ್ ಕೈಯಲ್ಲಿದ್ದಾಗ ಪಕ್ಕದ್ದಕ್ಕೂ ಹಾಕ್ದೇ ಬಿಡೋಕೆ ಮನಸ್ಸು ಬರಲ್ಲ, ನನಗಂತೂ ಬರಲಿಲ್ಲ. ಈಗ ಟೆರೇಸಿನ ಆ ತುದಿಗೊಂದು, ಈ ತುದಿಗೊಂದು.

ಹೊಸ ಬೋಗನ್‌ವಿಲ್ಲಾ ತಂದ ವಾರದಲ್ಲೇ ಇದ್ದ ಬಣ್ಣ ಪೂರ್ತಿ ಉದುರಿದ್ರೆ ಗಾಬರಿ ಬೀಳ್ಬೇಡಿ, ಜಾಗ ಬದಲಾಗಿದ್ದಕ್ಕೆ ಅದು ಹಾಗೇ ಮಾಡೋದು. ಕಾಂಡವನ್ನ ಉಗುರಿಂದ ಒಂಚೂರು ಕೆರೆದು ನೋಡಿ, ಸಿಪ್ಪೆ ಅಡಿ ಹಸಿರು ಕಂಡ್ರೆ ಗಿಡ ಬದುಕಿದೆ. ಬಿಸಿಲಲ್ಲಿ ಇಟ್ಟು, ಮಣ್ಣು ಒಣಗಿದಾಗ ಮಾತ್ರ ನೀರು ಹಾಕ್ತಾ ಒಂದೂವರೆ ತಿಂಗಳು ಸುಮ್ನಿರಿ.